ಸಫಾರಿ ಝೋನ್‌ನಲ್ಲಿ ಕಲ್ಲೂ ಬೇಡ, ಮೇವೂ ಬೇಡ

ಕಲೆಕ್ಟರ್ ಮಳೆ ರಜೆ ಕೊಟ್ಟ ದಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ ಕಡೆ ಮನೆ ಚಾವಡಿಯಲ್ಲಿ ಹಳೇ ಪೊಕೆಮಾನ್ ವಿಡಿಯೋ ಗೇಮ್ ಆಡುತ್ತ ಕೂತವನೊಬ್ಬ ಇದ್ದರೆ, ಅವನ ಹೆಗಲ ಮೇಲಿಂದ ಇಣುಕಿ ಸಲಹೆ ಕೊಡುವವರು ಮೂವರಾದರೂ ಇರುತ್ತಾರೆ. ಒಬ್ಬ ಕನ್ನಡದಲ್ಲಿ, ಒಬ್ಬ ತುಳುವಿನಲ್ಲಿ, ಇನ್ನೊಬ್ಬ ಮಲಯಾಳದಲ್ಲಿ. ಭಾಷೆ ಮೂರಾದರೂ, ಪೊಕೆಮಾನ್ ಅನ್ನುವ ಪ್ರಾಣಿಗಳನ್ನು ಬಾಲ್ ಎಸೆದು ಹಿಡಿಯುವ ಸಫಾರಿ ಝೋನ್ ಬಂದಾಗ ಸಲಹೆ ಒಂದೇ: ಮೊದಲು ಕಲ್ಲು ಹೊಡಿ, ಆಮೇಲೆ ಬಾಲ್ ಎಸಿ. ಮೂವರೂ ತಪ್ಪು. ಯಾಕೆ ತಪ್ಪು ಅಂತ ಲೆಕ್ಕ ಹಾಕಿಯೇ ತೋರಿಸಬಹುದು. ಸಫಾರಿಯಲ್ಲಿ ಅದೃಷ್ಟ ಇದೆ ನಿಜ, ಆದರೆ ಆ ಅದೃಷ್ಟದ ಅಳತೆ ಎಷ್ಟು ಅನ್ನುವುದು ಆಟದ ಒಳಗೇ ಬರೆದಿಟ್ಟಿದೆ.

ಇಲ್ಲಿ ಹೇಳುವುದೆಲ್ಲ ಗೇಮ್‌ಬಾಯ್‌ನ ರೆಡ್ ಮತ್ತು ಬ್ಲೂ ಆಟಗಳ ಬಗ್ಗೆ. ಜಪಾನಿನಲ್ಲಿ 1996ರಲ್ಲಿ ಶುರುವಾದ, ಅಮೆರಿಕಕ್ಕೆ 1998ರಲ್ಲಿ ಬಂದ ಮೊದಲ ತಲೆಮಾರು. ಅದೇ ತಲೆಮಾರಿನ ಯೆಲ್ಲೋ ಆಟದಲ್ಲಿ ಯಾವ ಹುಲ್ಲಲ್ಲಿ ಯಾವ ಪ್ರಾಣಿ ಅನ್ನುವ ಪಟ್ಟಿಯೇ ಬೇರೆ. 2004ರ ಫೈರ್‌ರೆಡ್, ಲೀಫ್‌ಗ್ರೀನ್‌ಗಳಲ್ಲಿ ಜಾಗ ಅದೇ ಆದರೂ ಹೆಜ್ಜೆ 600, ಪ್ರಾಣಿ ಓಡಿಹೋಗುವ ಲೆಕ್ಕವೂ ಬೇರೆ. ಹಾಗಾಗಿ ಕೆಳಗಿನ ಅಂಕಿಗಳನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ.

ಫ್ಯೂಷಿಯಾ ಸಿಟಿಯ ಉತ್ತರ ತುದಿಯ ಗೇಟಿನಲ್ಲಿ ಆಟದ ಹಣ 500 ಕೊಟ್ಟರೆ 30 ಸಫಾರಿ ಬಾಲ್ ಮತ್ತು 500 ಹೆಜ್ಜೆ. ಎರಡರಲ್ಲಿ ಯಾವುದು ಮೊದಲು ಮುಗಿದರೂ ಮೈಕಿನಲ್ಲಿ ಡಿಂಗ್ ಡಾಂಗ್ ಕೇಳಿಸುತ್ತದೆ, ನೀವು ಗೇಟಿನಲ್ಲಿ ನಿಂತಿರುತ್ತೀರಿ. ಒಳಗೆ ನಿಮ್ಮ ಪೊಕೆಮಾನ್ ಜಗಳಕ್ಕೆ ಇಳಿಯುವುದಿಲ್ಲ. ಕೈಯಲ್ಲಿರುವುದು ನಾಲ್ಕೇ: ಬಾಲ್, ಬೇಟ್ ಅಂದರೆ ಮೇವು, ರಾಕ್ ಅಂದರೆ ಕಲ್ಲು, ರನ್.

ಹೋಗುವ ಮೊದಲು ಎರಡು ಕಡೆ ನೋಡಿಕೊಳ್ಳಿ. ಒಂದು ಚೀಲ. ಈ ಆಟದಲ್ಲಿ ಚೀಲದಲ್ಲಿ ಹಿಡಿಯುವುದು 20 ಬಗೆಯ ಸಾಮಾನು ಮಾತ್ರ. ತುಂಬಿದ್ದರೆ ಒಳಗಿನ ಸೀಕ್ರೆಟ್ ಹೌಸ್ ಅನ್ನುವ ಮನೆ ತನಕ ಹೆಜ್ಜೆ ಸವೆಸಿ ಹೋದರೂ ಅಲ್ಲಿನವನು ಜಾಗ ಇಲ್ಲ ಅಂತ ಎಚ್‌ಎಂ 03 (ನೀರಿನ ಮೇಲೆ ಸಾಗುವ ಸರ್ಫ್ ವಿದ್ಯೆ) ಕೊಡುವುದಿಲ್ಲ, ಚಿನ್ನದ ಹಲ್ಲನ್ನೂ ಎತ್ತಲಾಗುವುದಿಲ್ಲ. ಸಫಾರಿ ಝೋನ್ ಅಂದರೆ ನಡು, ಪೂರ್ವ, ಉತ್ತರ, ಪಶ್ಚಿಮ ಅಂತ ನಾಲ್ಕು ಭಾಗ, ಒಳಗೆ ಬಿದ್ದಿರುವ ಸಾಮಾನೂ ಕಡಿಮೆಯೇನಲ್ಲ. ಪೂರ್ವದಲ್ಲಿ ಕಾರ್ಬೋಸ್, ಫುಲ್ ರಿಸ್ಟೋರ್, ಟಿಎಂ 37 (ಟಿಎಂ ಅಂದರೆ ಪೊಕೆಮಾನ್‌ಗೆ ಹೊಸ ವಿದ್ಯೆ ಕಲಿಸುವ ಸಾಮಾನು). ಉತ್ತರದಲ್ಲಿ ಪ್ರೋಟೀನ್, ಟಿಎಂ 40. ಪಶ್ಚಿಮದಲ್ಲಿ ಮ್ಯಾಕ್ಸ್ ಪೋಶನ್, ಮ್ಯಾಕ್ಸ್ ರಿವೈವ್, ಟಿಎಂ 32. ಎಂಟು ಹತ್ತು ಖಾನೆ ಖಾಲಿ ಮಾಡಿಕೊಂಡೇ ಹೋಗಿ.

ಎರಡನೆಯದು ಬಾಕ್ಸ್, ಅಂದರೆ ಹಿಡಿದ ಪೊಕೆಮಾನ್‌ಗಳನ್ನು ಇಟ್ಟುಕೊಳ್ಳುವ ಜಾಗ. ಜೊತೆಯಲ್ಲಿ ಆರು ಪೊಕೆಮಾನ್ ಇದ್ದು, ಪಿಸಿಯಲ್ಲಿ ಈಗ ತೆರೆದಿರುವ ಬಾಕ್ಸಿನಲ್ಲೂ 20 ತುಂಬಿದ್ದರೆ ಬಾಲ್ ಎಸೆಯಲು ಆಟ ಬಿಡುವುದೇ ಇಲ್ಲ. ಮುಂದಿನ ಬಾಕ್ಸಿಗೆ ತಾನಾಗಿ ಹೋಗುವ ವ್ಯವಸ್ಥೆ ಈ ತಲೆಮಾರಿನಲ್ಲಿ ಇಲ್ಲ, ನೀವೇ ಪಿಸಿಗೆ ಹೋಗಿ ಬದಲಿಸಬೇಕು. ಎದುರಿಗೆ ಅಪರೂಪದ ಚಾನ್ಸಿ ನಿಂತಿರುವಾಗ ಬಾಕ್ಸ್ ತುಂಬಿದೆ ಅಂತ ಓದುವಷ್ಟು ಹೊಟ್ಟೆ ಉರಿಸುವ ಸಾಲು ಈ ಆಟದಲ್ಲಿ ಇನ್ನೊಂದಿಲ್ಲ.

ಮೊದಲ ಸುತ್ತಿನಲ್ಲಿ ಏನನ್ನೂ ಹಿಡಿಯಲು ಹೋಗಬೇಡಿ. ನಡುವಿನ ಭಾಗದಿಂದ ಪೂರ್ವ, ಪೂರ್ವದಿಂದ ಉತ್ತರ, ಉತ್ತರದಿಂದ ಪಶ್ಚಿಮ. ಸರ್ಫ್ ಇಲ್ಲದವರಿಗೆ ದಾರಿ ಇದೇ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಪಶ್ಚಿಮದ ಸೀಕ್ರೆಟ್ ಹೌಸ್‌ನಲ್ಲಿ ಸರ್ಫ್ ಸಿಗುತ್ತದೆ, ಅದೇ ಪಶ್ಚಿಮ ಭಾಗದಲ್ಲಿ ಚಿನ್ನದ ಹಲ್ಲೂ ಬಿದ್ದಿರುತ್ತದೆ. ಹಲ್ಲನ್ನು ಫ್ಯೂಷಿಯಾದ ವಾರ್ಡನ್‌ಗೆ ಕೊಟ್ಟರೆ, ಅಲ್ಲಿಯ ತನಕ ಬೊಚ್ಚು ಬಾಯಲ್ಲಿ ಏನೇನೋ ಗೊಣಗುತ್ತಿದ್ದ ಮನುಷ್ಯ ಸರಿಯಾಗಿ ಮಾತಾಡಿ ಎಚ್‌ಎಂ 04 ಸ್ಟ್ರೆಂಗ್ತ್ ಕೊಡುತ್ತಾನೆ. ಸರ್ಫ್ ಬಳಸಲು ಅದೇ ಊರಿನ ಜಿಮ್ ಲೀಡರ್ ಕೋಗಾನನ್ನು ಸೋಲಿಸಿ ಸೋಲ್ ಬ್ಯಾಡ್ಜ್ ಪಡೆದಿರಬೇಕು. ಸರ್ಫ್ ಕೈಗೆ ಬಂದ ಮೇಲೆ ನಡುವಿನ ಕೆರೆಯ ದ್ವೀಪದಲ್ಲಿರುವ ನಗೆಟ್ ಅನ್ನುವ ಚಿನ್ನದ ಗಟ್ಟಿ ಎತ್ತಿ ಮಾರಿ. 5000 ಸಿಗುತ್ತದೆ, ಅಂದರೆ ಹತ್ತು ಸುತ್ತಿನ ಟಿಕೆಟ್ ಹಣ.

ಬಾಲ್ ಎಸೆದಾಗ ಒಳಗೆ ಏನಾಗುತ್ತದೆ

ಸಫಾರಿ ಬಾಲ್ ಅಂದರೆ ಲೆಕ್ಕದಲ್ಲಿ ಅಂಗಡಿಯಲ್ಲಿ ಸಿಗುವ ಬಲವಾದ ಅಲ್ಟ್ರಾ ಬಾಲೇ. ಎಸೆದ ಕೂಡಲೇ ಆಟ ಎರಡು ಬಾಗಿಲು ದಾಟಿಸುತ್ತದೆ. ಮೊದಲ ಬಾಗಿಲಲ್ಲಿ 0ರಿಂದ 150ರ ಒಳಗೆ ಒಂದು ಅಂಕಿ ಎತ್ತುತ್ತದೆ. ಅದು ಆ ಪ್ರಾಣಿಯ ಹಿಡಿತದ ಅಂಕಿಗಿಂತ (ದೊಡ್ಡದಾದಷ್ಟೂ ಹಿಡಿಯುವುದು ಸುಲಭ) ಜಾಸ್ತಿ ಇದ್ದರೆ ಬಾಲ್ ವ್ಯರ್ಥ. ಎರಡನೆಯದರಲ್ಲಿ ಪ್ರಾಣಿಯ ಜೀವ ಎಷ್ಟು ಉಳಿದಿದೆ ಅಂತ ನೋಡುತ್ತದೆ. ಸಫಾರಿಯಲ್ಲಿ ಹೊಡೆಯಲು ಬಿಡದ ಕಾರಣ ಜೀವ ಯಾವಾಗಲೂ ಪೂರ್ತಿ. ಹಾಗಾಗಿ ಈ ಬಾಗಿಲು ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಮಾತ್ರ ತೆರೆಯುತ್ತದೆ. ಎಷ್ಟೇ ಸುಲಭದ ಪ್ರಾಣಿ ಇರಲಿ, ಒಂದು ಸಫಾರಿ ಬಾಲಿಗೆ ಹೆಚ್ಚುಕಡಿಮೆ ಶೇ. 34ಕ್ಕಿಂತ ಹೆಚ್ಚು ಅವಕಾಶ ಇಲ್ಲ ಅಂತಾಯಿತು. ಹಿಡಿತದ ಅಂಕಿ 235 ಇರುವ ನಿಡೊರಾನ್ ಕೂಡ ಎರಡು ಮೂರು ಬಾಲ್ ತಿನ್ನುವುದು ಇದಕ್ಕೇ. ಬಾಲ್ ಅಲುಗಾಡುವಾಗ ಬಿ ಬಟನ್ ಒತ್ತಿ ಹಿಡಿದರೆ ಒಳ್ಳೆಯದು ಅನ್ನುವುದು ಊರೆಲ್ಲ ನಂಬಿದ ಸುಳ್ಳು. ಬಟನ್ ಸವೆಯುತ್ತದೆ, ಅಷ್ಟೆ.

ಟಾರೋಸ್, ಸೈದರ್, ಪಿನ್ಸರ್, ಕಂಗಸ್ಕಾನ್, ಡ್ರಾಟಿನಿ, ಈ ಐದರದ್ದೂ ಹಿಡಿತದ ಅಂಕಿ 45. ಎರಡೂ ಬಾಗಿಲು ಸೇರಿಸಿದರೆ ಒಂದು ಬಾಲಿಗೆ ಶೇ. 10. ಚಾನ್ಸಿಯದ್ದು 30, ಅಂದರೆ ಶೇ. 7. ಎಕ್ಸೆಗ್‌ಕ್ಯೂಟ್ 90, ಶೇ. 20. ರೈಹಾರ್ನ್ 120, ಶೇ. 27.

ಇನ್ನು ಓಡಿಹೋಗುವ ಲೆಕ್ಕ. ನೀವು ಏನೇ ಎಸೆದರೂ ಆಮೇಲೆ ಪ್ರಾಣಿಯ ಸರದಿ. ಆಟ ಅದರ ವೇಗವನ್ನು ಎರಡು ಪಟ್ಟು ಮಾಡಿ 256ಕ್ಕೆ ಹೋಲಿಸುತ್ತದೆ. ವೇಗ 32 ಇದ್ದರೆ 64, ಅಂದರೆ ನಾಲ್ಕರಲ್ಲಿ ಒಂದು ಸಲ ಓಟ. ಕಲ್ಲು ಬಿದ್ದು ಸಿಟ್ಟಾಗಿದ್ದರೆ ಅದು ಇನ್ನೂ ಎರಡು ಪಟ್ಟು. ಮೇವು ತಿನ್ನುತ್ತಿದ್ದರೆ ಕಾಲು ಭಾಗ.

ಕಲ್ಲಿನ ಮೋಸ ಇಲ್ಲೇ ಇರುವುದು. ಕಲ್ಲು ಬಿದ್ದರೆ ಹಿಡಿತದ ಅಂಕಿ ಎರಡು ಪಟ್ಟು ಆಗುತ್ತದೆ ನಿಜ. ಆದರೆ ಓಟದ ಅವಕಾಶವೂ ಎರಡು ಪಟ್ಟು ಆಗುತ್ತದೆ, ಅದೂ ನೀವು ಬಾಲ್ ಎಸೆಯುವ ಮೊದಲೇ. 26ನೇ ಲೆವೆಲ್ಲಿನ ಟಾರೋಸ್‌ನ ವೇಗ 62ರಿಂದ 70ರ ನಡುವೆ. ಸುಮ್ಮನಿದ್ದಾಗಲೇ ಎರಡರಲ್ಲಿ ಒಂದು ಸಲ ಓಡುವ ಪ್ರಾಣಿ ಅದು. ಕಲ್ಲು ಹೊಡೆದಿರೋ, ಓಡುವುದು ಬಹುತೇಕ ಖಚಿತ. ಸೈದರ್‌ಗೆ ಹೊಡೆದರೆ ಹತ್ತರಲ್ಲಿ ಎಂಟು ಒಂಬತ್ತು ಸಲ ನಿಮಗೆ ಮುಂದಿನ ಸರದಿಯೇ ಬರುವುದಿಲ್ಲ. ಗೂಡಿನಲ್ಲಿರುವ ಹಕ್ಕಿಯನ್ನು ಹಿಡಿಯಲು ಮರಕ್ಕೆ ಕಲ್ಲೆಸೆದ ಹಾಗೆ.

ಚಾನ್ಸಿ ನಿಧಾನದ್ದಲ್ಲವಾ, ಅದಕ್ಕಾದರೂ ಹೊಡೆಯಬಹುದಲ್ಲ ಅನ್ನಬಹುದು. ಲೆಕ್ಕ ಹಾಕಿ ನೋಡಿ. 23ನೇ ಲೆವೆಲ್ಲಿನ ಚಾನ್ಸಿಗೆ ಬರೀ ಬಾಲ್ ಎಸೆಯುತ್ತ ಹೋದರೆ, ಅದು ಓಡುವ ಮೊದಲು ಸಿಕ್ಕುವ ಅವಕಾಶ ಸುಮಾರು ಶೇ. 23. ಒಂದು ಕಲ್ಲು ಹೊಡೆದು ಶುರು ಮಾಡಿದರೆ ಶೇ. 12. ಡ್ರಾಟಿನಿಯಂಥ ಇನ್ನೂ ನಿಧಾನದ್ದಕ್ಕೂ ಸುಮಾರು ಶೇ. 40ರಿಂದ 27ಕ್ಕೆ ಇಳಿಯುತ್ತದೆ. ಈ ನಾಲ್ಕು ಭಾಗದ ಹುಲ್ಲು, ನೀರಿನಲ್ಲಿ ಸಿಗುವ ಯಾವ ಪ್ರಾಣಿಗೂ ಕಲ್ಲಿನಿಂದ ಲಾಭ ಇಲ್ಲ.

ಮೇವಿನ ಕಥೆ ಬೇರೆ, ಫಲ ಅದೇ. ಮೇವು ಹಾಕಿದರೆ ಪ್ರಾಣಿ ನಿಲ್ಲುತ್ತದೆ, ಹಿಡಿತದ ಅಂಕಿ ಅರ್ಧವಾಗುತ್ತದೆ. ತಿಂದು ಮುಗಿಸುವುದು ಒಂದರಿಂದ ಐದು ಸರದಿಯಲ್ಲಿ. ತಿಂದು ಮುಗಿದ ಮೇಲೂ ಅರ್ಧವಾದ ಅಂಕಿ ಹಾಗೇ ಉಳಿಯುತ್ತದೆ ಅನ್ನುವುದು ಯಾರಿಗೂ ಗೊತ್ತಿಲ್ಲದ ಕಿತಾಪತಿ. ಸಿಟ್ಟು ಇಳಿದಾಗ ಮಾತ್ರ ಆಟ ಮೂಲ ಅಂಕಿಯನ್ನು ವಾಪಸ್ ಕೊಡುತ್ತದೆ, ಹೊಟ್ಟೆ ತುಂಬಿದಾಗ ಇಲ್ಲ. ಎರಡನೇ ಸಲ ಮೇವು ಹಾಕಿದರೆ ಅರ್ಧದ ಅರ್ಧ. ಚಾನ್ಸಿಗೆ ಒಂದು ಮೇವು ಹಾಕಿ ಆಡಿದರೆ ಶೇ. 23 ಇದ್ದದ್ದು ಶೇ. 15ರ ಆಸುಪಾಸಿಗೆ ಬರುತ್ತದೆ. ಚಂದ್ರಗಿರಿ ಹೊಳೆಯಲ್ಲಿ ಗಾಳ ಹಾಕುವವರಿಗೆ ಇದು ವಿಚಿತ್ರ ಅನಿಸಬಹುದು. ಗಾಳದ ತುದಿಯ ಎರೆ ಮೀನನ್ನು ಕೊಕ್ಕೆಗೇ ತರುತ್ತದೆ, ಇಲ್ಲಿನ ಮೇವು ಪ್ರಾಣಿಯನ್ನು ನಿಲ್ಲಿಸುತ್ತದೆ ಅಷ್ಟೆ, ಬಾಲಿನ ಒಳಗೆ ತರುವುದಿಲ್ಲ.

ಹಾಗಾದರೆ ಉಳಿದದ್ದು ಬಾಲ್ ಮಾತ್ರ. ಬೇಕಾದದ್ದು ಬಂದರೆ ಎಸೆಯುತ್ತಲೇ ಇರಿ. ಬೇಡದ್ದು ಬಂದರೆ ರನ್. ಇಲ್ಲಿ ನೀವು ಓಡುವುದು ಯಾವಾಗಲೂ ಸಫಲ, ಹೆಜ್ಜೆಯೂ ಖರ್ಚಾಗುವುದಿಲ್ಲ.

ಬಾಲಲ್ಲ, ಹೆಜ್ಜೆ ಉಳಿಸಿ

ಜಾತ್ರೆಯ ರಿಂಗ್ ಎಸೆಯುವ ಅಂಗಡಿಯಲ್ಲಿ ರಿಂಗ್ ಎಣಿಸುವ ಹಾಗೆ ಎಲ್ಲರೂ ಬಾಲ್ ಎಣಿಸುತ್ತಾರೆ. ಗುರಿ ಒಂದೇ ಪ್ರಾಣಿ ಅಂತಾದರೆ 30 ಬಾಲ್ ಮುಗಿಯುವುದು ಅಪರೂಪ. ಮುಗಿಯುವುದು ಹೆಜ್ಜೆ. ಸ್ಟಾರ್ಟ್ ಒತ್ತಿದರೆ ಎಷ್ಟು ಉಳಿದಿದೆ ಅಂತ ಕಾಣುತ್ತದೆ.

ಹುಲ್ಲಿನಲ್ಲಿ ಇಡುವ ಪ್ರತಿ ಹೆಜ್ಜೆಗೂ ಪ್ರಾಣಿ ಎದುರಾಗುವ ಅವಕಾಶ 256ರಲ್ಲಿ 30. ಎಂಟು ಒಂಬತ್ತು ಹೆಜ್ಜೆಗೆ ಒಂದು ಅನ್ನಿ. ದಾರಿ ಖರ್ಚು ಕಳೆದು ಉತ್ತರ ಭಾಗದ ಹುಲ್ಲಿಗೆ 300 ಹೆಜ್ಜೆ ಉಳಿದರೆ ಸುಮಾರು 35 ಭೇಟಿ. ಚಾನ್ಸಿ ಅಲ್ಲಿ ಶೇ. 4ರ ಪ್ರಾಣಿ, ಸರಾಸರಿ ಒಂದೂವರೆ ಸಲ ಕಾಣಿಸುತ್ತದೆ. ಅದು ಅಲ್ಲಿ 26ನೇ ಲೆವೆಲ್, ಸ್ವಲ್ಪ ಚುರುಕು, ಹಿಡಿಯುವ ಅವಕಾಶ ಐದರಲ್ಲಿ ಒಂದಕ್ಕಿಂತ ಕೊಂಚ ಮೇಲೆ. ಹೀಗೆ ಮೂರು ಸುತ್ತಿಗೆ ಒಂದು ಚಾನ್ಸಿ ಅಂತ ಲೆಕ್ಕ ಇಟ್ಟುಕೊಳ್ಳಿ. ನಡುವಿನ ಭಾಗದಲ್ಲೂ ಚಾನ್ಸಿ ಉಂಟು, 23ನೇ ಲೆವೆಲ್, ದಾರಿ ಖರ್ಚೂ ಇಲ್ಲ. ಆದರೆ ಶೇ. 1 ಮಾತ್ರ. 400 ಹೆಜ್ಜೆ ಅಲ್ಲೇ ಸುತ್ತಿದರೂ ಎಂಟು ಸುತ್ತಿಗೆ ಒಂದು. ದೂರ ನಡೆದು ಹೋಗುವುದೇ ಲಾಭ.

ಬೇರೆಯವು ಎಲ್ಲೆಲ್ಲಿ? ರೆಡ್‌ನಲ್ಲಿ ಸೈದರ್, ಬ್ಲೂನಲ್ಲಿ ಪಿನ್ಸರ್ ನಡುವಿನ ಭಾಗದಲ್ಲೇ ಶೇ. 4, ಪೂರ್ವದಲ್ಲಿ ಶೇ. 1. ಕಂಗಸ್ಕಾನ್ ಪೂರ್ವದಲ್ಲಿ ಶೇ. 4, ಪಶ್ಚಿಮದಲ್ಲಿ ಶೇ. 1. ಟಾರೋಸ್ ಪಶ್ಚಿಮದಲ್ಲಿ ಶೇ. 4, ಉತ್ತರದಲ್ಲಿ ಶೇ. 1. ಗಮನಿಸಿ, ಕಂಗಸ್ಕಾನ್ ಪೂರ್ವದಲ್ಲಿ 25ನೇ ಲೆವೆಲ್, ಪಶ್ಚಿಮದಲ್ಲಿ 28. ಟಾರೋಸ್ ಪಶ್ಚಿಮದಲ್ಲಿ 26, ಉತ್ತರದಲ್ಲಿ 28. ಲೆವೆಲ್ ಕಡಿಮೆ ಇದ್ದರೆ ವೇಗ ಕಡಿಮೆ, ಓಟವೂ ಕಡಿಮೆ. ಹೆಚ್ಚು ಸಿಗುವ ಜಾಗದಲ್ಲೇ ಹಿಡಿಯುವುದೂ ಸುಲಭ. ಎಕ್ಸೆಗ್‌ಕ್ಯೂಟ್ ನಾಲ್ಕೂ ಕಡೆ ಐದರಲ್ಲಿ ಒಂದು ಸಲ ಬರುತ್ತದೆ, ಅದಕ್ಕೆಂದೇ ಹೋಗುವ ಅಗತ್ಯ ಇಲ್ಲ.

ಕಡಿಮೆ ಲೆವೆಲ್ಲಿನ ಪ್ರಾಣಿಗಳನ್ನು ದೂರ ಇಡುವ ರಿಪೆಲ್ ಹೊಡೆದರೆ ಅಪರೂಪದ್ದು ಹೆಚ್ಚು ಸಿಗುತ್ತದೆ ಅನ್ನುವವರಿದ್ದಾರೆ. ಪಶ್ಚಿಮಕ್ಕೆ ಹೋಗುವಾಗ ತಂಡದ ಮುಂದೆ 26ನೇ ಲೆವೆಲ್ಲಿನದ್ದನ್ನು ಇಟ್ಟು ರಿಪೆಲ್ ಹಾಕಿದರೆ ಅದಕ್ಕಿಂತ ಕೆಳಗಿನ ನಿಡೊರಾನ್, ವೆನೊನಾಟ್ ಎಲ್ಲ ತಪ್ಪುತ್ತವೆ, ಸರಿ. ಆದರೆ ತಪ್ಪಿದ ಭೇಟಿಯ ಬದಲು ಇನ್ನೊಂದು ಬರುವುದಿಲ್ಲ, ಆ ಹೆಜ್ಜೆ ಖಾಲಿ ಹೋಗುತ್ತದೆ. 300 ಹೆಜ್ಜೆಗೆ ಕಾಣುವ ಟಾರೋಸ್ ಅಷ್ಟೇ. ಹೆಬ್ಬೆರಳಿಗೆ ವಿಶ್ರಾಂತಿ ಸಿಗುತ್ತದೆ, ಅದೂ ಬೇಕಾದದ್ದೇ.

ಡ್ರಾಟಿನಿ ಬೇಕಾದವರು ಇದೆಲ್ಲ ತಲೆಬಿಸಿ ಬಿಟ್ಟು ಗೇಟಿನಿಂದ ನೇರ ನಡುವಿನ ಕೆರೆಯ ದಂಡೆಗೆ ಹೋಗಿ ನಿಲ್ಲಿ. ರೂಟ್ 12ರ ಮನೆಯಲ್ಲಿ ಸಿಗುವ ಸೂಪರ್ ರಾಡ್ ಅನ್ನುವ ಗಾಳ ಬೇಕು. ನಿಂತಲ್ಲೇ ಗಾಳ ಹಾಕಿದರೆ ಹೆಜ್ಜೆ ಒಂದೂ ಖರ್ಚಾಗುವುದಿಲ್ಲ. ಎರಡು ಸಲ ಹಾಕಿದರೆ ಒಂದು ಸಲ ಕಚ್ಚುತ್ತದೆ. ಕಚ್ಚಿದ್ದು ಡ್ರಾಟಿನಿ, ಕ್ರಾಬಿ, ಸೈಡಕ್, ಸ್ಲೋಪೋಕ್, ನಾಲ್ಕಕ್ಕೂ ಸಮ ಅವಕಾಶ. ಅಂದರೆ ಎಂಟು ಸಲ ಗಾಳ ಹಾಕಿದರೆ ಒಂದು ಡ್ರಾಟಿನಿ, ಅದನ್ನು ಹಿಡಿಯುವ ಅವಕಾಶ ಸುಮಾರು ಶೇ. 40. ಒಂದು ಡ್ರಾಟಿನಿಗೆ ಸರಾಸರಿ ನಾಲ್ಕು ಬಾಲ್ ಹೋದರೂ 30 ಬಾಲಿನಲ್ಲಿ ಏಳು ಸಲ ಪ್ರಯತ್ನಿಸಬಹುದು, ಒಂದೇ ಸುತ್ತಿನಲ್ಲಿ ಸಿಗದಿರುವುದು ಬಹಳ ಅಪರೂಪ. ಇದೇ ಡ್ರಾಟಿನಿಯನ್ನು ರೆಡ್‌ನ ಗೇಮ್ ಕಾರ್ನರ್ ಅನ್ನುವ ಜೂಜಿನ ಮನೆಯಲ್ಲಿ ಕೊಳ್ಳಲು 2800 ನಾಣ್ಯ ಬೇಕು. 50 ನಾಣ್ಯಕ್ಕೆ 1000ದಂತೆ 56,000. ಇಲ್ಲಿ 500. ಸೈದರ್ ಅಲ್ಲಿ 5500 ನಾಣ್ಯ, ಅಂದರೆ 1,10,000. ಅಷ್ಟು ಹಣದಲ್ಲಿ 220 ಸಲ ಸಫಾರಿಗೆ ಹೋಗಬಹುದು. ಬ್ಲೂನವರಿಗೆ ಪಿನ್ಸರ್ 2500 ನಾಣ್ಯಕ್ಕೇ ಸಿಗುತ್ತದೆ, ಡ್ರಾಟಿನಿ 4600.

ಸಿನಬಾರ್ ದಂಡೆಯ ಹಿಂಬಾಗಿಲು

ಸಫಾರಿಯ ಪ್ರಾಣಿಗಳನ್ನು ಸಫಾರಿಯ ಹೊರಗೆ ಹಿಡಿಯುವ ದಾರಿಯೊಂದು ರೆಡ್, ಬ್ಲೂಗಳಲ್ಲಿ ಉಂಟು. ಸಿನಬಾರ್ ದ್ವೀಪದ ಪೂರ್ವ ದಂಡೆಗೆ ಅಂಟಿಕೊಂಡ ನೀರಿನ ಪಟ್ಟಿಯಲ್ಲಿ ಆಟಕ್ಕೆ ಒಂದು ಮರೆವು: ಅಲ್ಲಿಗೆಂದು ಪಟ್ಟಿ ಇಲ್ಲದೆ, ನೀವು ಕೊನೆಗೆ ಹೋಗಿದ್ದ ಹುಲ್ಲಿನ ಜಾಗದ ಪ್ರಾಣಿಗಳನ್ನೇ ಎದುರು ತರುತ್ತದೆ. ಯೆಲ್ಲೋದಲ್ಲಿ ಇದನ್ನು ಸರಿಪಡಿಸಿದ್ದಾರೆ.

ಚಾನ್ಸಿ ಬೇಕಿದ್ದರೆ ಉತ್ತರ ಭಾಗಕ್ಕೆ ಹೋಗಿ. ಜನ ತಪ್ಪುವುದು ಈಗ. ಅಲ್ಲಿಂದ ನಡೆದುಕೊಂಡು ಹೊರಗೆ ಬಂದರೆ ಬೇರೆ ಭಾಗ ದಾಟಲೇಬೇಕು, ಆಗ ನೆನಪಿನಲ್ಲಿ ಉಳಿಯುವುದು ಆ ಭಾಗದ ಪಟ್ಟಿ. ಹಾಗಾಗಿ ಉತ್ತರದಲ್ಲೇ ಅತ್ತಿತ್ತ ನಡೆದು ಹೆಜ್ಜೆ ಮುಗಿಸಿ. ಡಿಂಗ್ ಡಾಂಗ್ ಆಗಿ ನೇರ ಗೇಟಿಗೆ ಬರುತ್ತೀರಿ. ಗೇಟಿನಿಂದ ಊರಿಗೆ ಇಳಿದ ಕೂಡಲೇ ಫ್ಲೈ (ಹಾರಿ ಬೇರೆ ಊರು ಸೇರುವ ವಿದ್ಯೆ) ಮಾಡಿ ಸಿನಬಾರ್‌ಗೆ ಹೋಗಿ. ನಡುವೆ ಇನ್ನೊಂದು ರೂಟಿಗೆ ಕಾಲಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಆಮೇಲೆ ಪೂರ್ವ ದಂಡೆಯಲ್ಲಿ ಸರ್ಫ್ ಮಾಡುತ್ತ ನೆಲಕ್ಕೆ ತಾಗಿದ ಸಾಲಿನಲ್ಲೇ ಮೇಲೆ ಕೆಳಗೆ ಓಡಾಡಿ.

ಇಲ್ಲಿ ಬರುವುದು ಸಾಮಾನ್ಯ ಜಗಳ. ನಿಮ್ಮ ಪೊಕೆಮಾನ್ ಇಳಿಯುತ್ತದೆ, ಎದುರಿನದ್ದು ಸಫಾರಿಯಲ್ಲಿಯ ಹಾಗೆ ಪ್ರತಿ ಸರದಿಗೂ ಓಡಲು ನೋಡುವುದಿಲ್ಲ. ಮೊದಲು ನಿದ್ದೆ ಬರಿಸಿ, ಆಮೇಲೆ ಜೀವವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಇಳಿಸಿದರೆ ಅಲ್ಟ್ರಾ ಬಾಲಿಗೆ ಹೆಚ್ಚಿನ ಪ್ರಯೋಜನ ಇಲ್ಲ, ಎರಡನೇ ಬಾಗಿಲು ಆಗಲೇ ಪೂರ್ತಿ ತೆರೆದಿರುತ್ತದೆ. ನಿದ್ದೆಯಿಂದ ಮೊದಲ ಬಾಗಿಲಿನಲ್ಲೂ 25 ಅಂಕಿಯ ರಿಯಾಯಿತಿ. ಎರಡೂ ಸೇರಿದರೆ ಒಂದು ಅಲ್ಟ್ರಾ ಬಾಲಿಗೆ ಚಾನ್ಸಿ ಶೇ. 37, ಟಾರೋಸ್ ಶೇ. 47. ಒಳಗೆ ಶೇ. 7, ಶೇ. 10 ಇದ್ದದ್ದು! ಬಾಲ್ ಒಂದಕ್ಕೆ 1200 ಕೊಡಬೇಕು, ಕೊಡಿ.

ಇದೇ ದಂಡೆಗೆ ಬರುವ ಮೊದಲು ವಿರಿಡಿಯನ್ ಸಿಟಿಯ ಮುದುಕನ ಹತ್ತಿರ ಬಾಲ್ ಎಸೆಯುವ ಪಾಠ ಕೇಳಿದ್ದರೆ ಬರುವುದು ಚಾನ್ಸಿಯಲ್ಲ, ಆಟದ ದೋಷದಿಂದ ಹುಟ್ಟುವ ಮಿಸಿಂಗ್‌ನೋ ಮತ್ತು ಅದರ ಬಳಗ. ಅದು ಚೀಲದ ಆರನೇ ಸಾಮಾನನ್ನು ಹೆಚ್ಚಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಆಟ ಗೆದ್ದ ತಂಡಗಳನ್ನು ದಾಖಲಿಸುವ ಹಾಲ್ ಆಫ್ ಫೇಮ್‌ನ ಚಿತ್ರಗಳನ್ನು ಕೆಡಿಸುತ್ತದೆ ಅನ್ನುವುದನ್ನು ಮರೆಯುತ್ತಾರೆ.

ಸಫಾರಿಗೆ ಸಂಬಂಧಿಸಿದ ಇನ್ನೊಂದು ಎಡವಟ್ಟು ಗೇಟಿನಲ್ಲೇ ಆಗುತ್ತದೆ. ಅವಧಿಗೆ ಮೊದಲೇ ಹೊರಡುತ್ತೀರಾ ಅಂತ ಕೇಳಿದಾಗ ಇಲ್ಲ ಅಂದು ಒಳಗೆ ಬಂದು, ಅಲ್ಲೇ ಸೇವ್ ಮಾಡಿ ಆಟ ಆಫ್ ಮಾಡಿ, ಮತ್ತೆ ಆನ್ ಮಾಡಿ ಹೊರಗೆ ಹೋದರೆ ಗೇಟಿನವನು ಹೊಸಬರ ಹಾಗೆ ಟಿಕೆಟ್ ಬೇಕಾ ಅಂತ ಕೇಳುತ್ತಾನೆ. ಬೇಡ ಅಂದು ಊರಿಗೆ ಇಳಿದರೆ ಹೆಜ್ಜೆಯ ಎಣಿಕೆ ಹೊರಗೂ ಮುಂದುವರಿಯುತ್ತದೆ. ಬೇರೆ ಊರಿಗೆ ಫ್ಲೈ ಮಾಡಿ ಓಡಾಡುತ್ತಿರುವಾಗ ಹೆಜ್ಜೆ ಮುಗಿದು ಡಿಂಗ್ ಡಾಂಗ್ ಆಗಿ ಗೇಟಿಗೆ ಎಳೆದು ತರುತ್ತದೆ. ಅಲ್ಲಿಂದ ಹೊರಗೆ ಕಾಲಿಟ್ಟರೆ ಕಾಣುವುದು ಚಿಂದಿ ಚಿತ್ರಾನ್ನವಾದ ಊರು, ಗ್ಲಿಚ್ ಸಿಟಿ. ಹೆದರಬೇಕಿಲ್ಲ, ಫ್ಲೈ ಮಾಡಿದರೆ ಪಾರು. ಆದರೆ ಫ್ಲೈ ಗೊತ್ತಿರುವ ಪೊಕೆಮಾನ್ ಜೊತೆಯಲ್ಲಿ ಇಲ್ಲದೆ ಆ ಊರಲ್ಲಿ ನಿಂತು ಸೇವ್ ಮಾತ್ರ ಮಾಡಬೇಡಿ ಮಾರಾಯ್ರೇ.